ಕೆಚ್ಚಲ ಔಷಧಿ, ನನ್ನ ನವೆ

ಆ ಬೇಸಿಗೆಯಲ್ಲಿ ನಾನು ಒಂದು ಕಡೆ ಕೂತದ್ದೇ ಇಲ್ಲ. ಬೂಕನಕೆರೆಯ ನಮ್ಮ ಮನೆಯ ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಕೊಟ್ಟಿಗೆಗೆ, ಮತ್ತೆ ಜಗಲಿಗೆ. ಕೂತರೆ ಯೋನಿಯಲ್ಲಿ ನವೆ ಏಳುತ್ತಿತ್ತು. ಯಾರ ಮುಂದೆಯೂ ಕೆರೆದುಕೊಳ್ಳಲಾಗದ, ಯಾರಿಗೂ ಹೇಳಲಾಗದ ನವೆ. ಮೂತ್ರ ತಾಕಿದರೆ ಉರಿ. ಬಿಳಿಸೆರಗು ಒಡೆದ ಹಾಲಿನಂತೆ ಹೋಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಡಿಗ್ರಿ ಮುಗಿದಿತ್ತು. ನಾಗಮಂಗಲದ ಕಡೆಯ ಸಂಬಂಧ ಬಂದಿತ್ತು, ಹುಡುಗ ನನಗೂ ಇಷ್ಟವಾಗಿದ್ದ. ನಾನು ಹೂಂ ಅಂದರೆ ನಿಶ್ಚಿತಾರ್ಥಕ್ಕೆ ದಿನ ನೋಡಿಸಬೇಕೆಂದು ಅಪ್ಪ ಕಾಯುತ್ತಿದ್ದರು. ರೋಗ ಇಟ್ಟುಕೊಂಡು ಇನ್ನೊಬ್ಬರ ಮನೆ ಸೇರುವುದು ಮೋಸವೆಂದು ನಾನು ಹೂಂ ಅನ್ನದೆ ದಿನ ತಳ್ಳುತ್ತಿದ್ದೆ.

ಅವ್ವನಿಗೆ ಉರಿ ಅಂತಷ್ಟೇ ಹೇಳಿದ್ದೆ. "ಉಷ್ಣ ಕಣವ್ವ" ಎಂದು ಮೆಂತ್ಯ ನೆನೆಸಿ ಕುಡಿಸಿದಳು. ದಿನಚರಿ ಬರೆಯುವ ಅಭ್ಯಾಸದವಳು ನಾನು. ಬದನೆಕಾಯಿ ತಿಂದ ದಿನ ಎಷ್ಟು ನವೆ, ಕಡಲೆಕಾಯಿ ತಿಂದ ದಿನ ಎಷ್ಟು ಎಂದು ಲೆಕ್ಕ ಇಟ್ಟೆ. ಎರಡನ್ನೂ ಬಿಟ್ಟೆ. ನವೆ ಬಿಡಲಿಲ್ಲ.

ಕೊನೆಗೆ ಅತ್ತಿಗೆ ಹಿಡಿದಳು. "ಯಾಕಮ್ಮಿ, ಇರುವೆ ಗೂಡ್ ಮೇಲೆ ಕುಂತೋಳಂಗೆ ಆಡ್ತೀಯಾ?"

ಅಳುತ್ತಾ ಎಲ್ಲ ಹೇಳಿದೆ. ಕೆ.ಆರ್. ಪೇಟೆಯಲ್ಲಾದರೆ ಗುರುತಿನವರು ನೋಡುತ್ತಾರೆಂದು, ತನ್ನ ತವರಿಗೆ ಹೋಗುವ ನೆಪ ಹೇಳಿ ಪಾಂಡವಪುರಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಸೀಟಿದ್ದರೂ ನಾನು ನಿಂತೇ ಇದ್ದೆ.

ಲೇಡಿ ಡಾಕ್ಟರು ಹೊರಗಿನಿಂದಷ್ಟೇ ನೋಡಿದರು. "ಏನು ಹಾಕಿ ತೊಳೀತೀಯಾ?"

"ಬಿಸಿನೀರು. ಅದಕ್ಕೆ ಒಸಿ ಔಷಧಿ, ದಿನಕ್ಕೆರಡು ಸಲ."

"ಯಾವ ಔಷಧಿ?"

"ಹಾಲು ಕರೆಯೋ ಮುಂಚೆ ಹಸೀನ ಕೆಚ್ಚಲು ತೊಳೆಯೋದು."

ಅವರು ಪೆನ್ನು ಕೆಳಗಿಟ್ಟರು. "ನೀನೇನು ಡೇರಿಗೆ ಹಾಲು ಹಾಕ್ತೀಯೇನಮ್ಮಾ?"

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಿಂದದ್ದನ್ನೆಲ್ಲ ಬರೆದಿದ್ದೆ, ತೊಳೆದದ್ದನ್ನು ಬರೆದಿರಲಿಲ್ಲ. ಶುಚಿಯಾಗಿರುವುದರಿಂದಲೂ ತೊಂದರೆಯಾದೀತೆಂದು ಯಾರು ಎಣಿಸುತ್ತಾರೆ?

ಇದು ಬೂಷ್ಟಿನ ಜಾತಿಯ ಸೋಂಕು, ಮದುವೆಯಾಗದವರಿಗೂ ಬರುತ್ತದೆ, ನಡತೆಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಹಸುವಿನ ಔಷಧಿ ಚರ್ಮವನ್ನು ಇನ್ನಷ್ಟು ಕೆಡಿಸಿತ್ತು. ಒಳಗೆ ತೊಳೆಯುವುದೇ ಬೇಡ, ಹೊರಗೆ ಬರೀ ನೀರು ಸಾಕು, ಸೋಪೂ ಬೇಡ. ಚೆನ್ನಾಗಿ ಒಣಗಿದ ಹತ್ತಿಯ ಒಳಬಟ್ಟೆ ಹಾಕಬೇಕು. ಒಂದು ಮಾತ್ರೆ, ಹಚ್ಚಲು ಮುಲಾಮು ಬರೆದುಕೊಟ್ಟು, ನವೆ ನಿಂತರೂ ಮುಲಾಮು ನಡುವೆ ಬಿಡಬಾರದೆಂದರು. ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೋ ನೋಡಬೇಕು, ನೀನೇ ಔಷಧಿ ಮಾಡಿಕೊಳ್ಳಬೇಡ ಎಂದು ಗದರಿದರು.

"ಹುಡುಗನ ಮನೆಯವರಿಗೆ ಹೇಳ್ಬೇಕಾ?" ಎಂದೆ.

"ನೆಗಡಿ ಬಂದಿದ್ರೆ ಅವರಿಗೆ ಹೇಳ್ತಿದ್ದೆಯಾ?"

ಕೆಲವೇ ದಿನಗಳಲ್ಲಿ ನವೆ ತಗ್ಗಿತು. ಆದರೂ ನನಗೆ ನಂಬಿಕೆಯಿಲ್ಲ. ಕೂರುವುದು, ಬಂತೇನೋ ಎಂದು ಕಾಯುವುದು, ಏಳುವುದು. "ಓಗಿರೋ ನವೇನ ಯಾಕ್ ಕರೀತಾ ಕುಂತಿದ್ದೀಯೇ?" ಎಂದು ಅತ್ತಿಗೆ ಬೈದಳು. ಹೇಳಿದಷ್ಟು ದಿನ ಮುಲಾಮು ಹಚ್ಚಿ ಮುಗಿಸಿದ ಮೇಲೆಯೇ ಅಪ್ಪನ ಮುಂದೆ ನಿಂತೆ.

"ದಿನ ನೋಡ್ಸಿ ಅಪ್ಪಾ."

"ಇಷ್ಟ್ ದಿನ ಯಾಕವ್ವ ಸುಮ್ಕಿದ್ದೆ?"

ಒಳಗಿನಿಂದ ಅತ್ತಿಗೆ ಕೂಗಿದಳು: "ಎಣ್ಮಕ್ಳು ಒಸಿನಾದ್ರೂ ಬಿಂಕ ಮಾಡ್ಬೇಡ್ವಾ ಮಾವ?"

ಅಪ್ಪ ನಕ್ಕು, ಟವೆಲು ಹೆಗಲಿಗೆ ಹಾಕಿಕೊಂಡು ಜೋಯಿಸರ ಮನೆಯ ಕಡೆ ಹೊರಟರು.