ಬೆರಳಿಗೆ ಸಿಗದ್ದು

ಲೇತಿನಲ್ಲಿ ಸರಳು ಹಿಡಿಯಲು ಮೂರು ದವಡೆಯ ಚಕ್ ಬಿಟ್ಟು ಕಾಲೆಟ್ ಚಕ್ ಯಾಕೆ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಸಣ್ಣ ಹಿತ್ತಾಳೆ ಸರಳನ್ನು ಅದು ಸುತ್ತಲೂ ಸಮನಾಗಿ ಹಿಡಿಯುತ್ತದೆ, ಗಾಯ ಬೀಳುವುದಿಲ್ಲ. ಸುಳ್ಳಲ್ಲ. ಆದರೆ ನನ್ನ ಕಾರಣ ಅದಲ್ಲ. ಅಟ್ಟೂರಿನ ಮನೆಯ ಕಾರ್ ಶೆಡ್ಡಿನಲ್ಲಿ ಲೋಹ ಕಡೆಯುವ ನನ್ನ ಪುಟ್ಟ ಲೇತ್ ತಿರುಗುತ್ತಿದ್ದಾಗ ದವಡೆಯ ಮೂಲೆ ಬೆರಳಿಗೆ ಬಡಿದಿತ್ತು. ಸರಳಿನ ಮೇಲೆ ಕೆಂಪು ಕಂಡ ಮೇಲೆಯೇ ನನಗದು ಗೊತ್ತಾದದ್ದು. ಸಕ್ಕರೆ ಕಾಯಿಲೆ ನನ್ನ ಬೆರಳ ತುದಿಗಳನ್ನು ಮರಗಟ್ಟಿಸುತ್ತಿತ್ತು. ಹೆಂಡತಿಗೆ ತಿಳಿದರೆ ಲೇತ್ ಹೋಗುತ್ತದೆ. ದವಡೆಗಳೇ ಇಲ್ಲದ, ಮೂತಿ ನುಣ್ಣಗಿರುವ ಚಕ್ ಬೇಕಾಗಿತ್ತು.

ಯಶವಂತಪುರದ ಅಂಗಡಿಯವನು ಎರಡು ಅಳತೆಯ ಕಾಲೆಟ್ ಚಕ್ ಮುಂದಿಟ್ಟ, ಇಪ್ಪತ್ತೈದರದು ಸಣ್ಣದು, ಮೂವತ್ತೆರಡರದು ದೊಡ್ಡದು.

"ನಿಮ್ ಮಿಷನ್‌ಗೆ ಇಪ್ಪತ್ತೈದು ಸಾಕು ಸಾರ್. ಮೂವತ್ತೆರಡು ಹಾಕಿದ್ರೆ ಇಲಿಗೆ ಹೆಲ್ಮೆಟ್ ಹಾಕ್ದಂಗೆ."

"ದಪ್ಪ ಸರಳೂ ಹಿಡೀಬೇಕು."

"ಎಷ್ಟು ದಪ್ಪ?"

ಎರಡನ್ನೂ ಕೈಗೆತ್ತಿಕೊಂಡೆ. ಸಣ್ಣದರ ಮೂತಿಯ ನಟ್ಟು ಕೈಯಲ್ಲಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ದೊಡ್ಡದನ್ನು ಅಂಗೈ ತುಂಬ ಹಿಡಿಯಬಹುದಿತ್ತು. ಆಯ್ಕೆ ಅಲ್ಲಿಗೆ ಮುಗಿಯಿತು. ಹಿಂಬದಿಯ ಬೋಲ್ಟ್ ತೂತುಗಳು ನನ್ನ ಲೇತಿಗೆ ಹೊಂದುತ್ತವೆಯೇ ಎಂದು ಮಾತ್ರ ನೋಡಿಕೊಂಡೆ.

ನಮ್ಮ ಮನೆಗೆ ಮಿಕ್ಸಿ ಬರಲಿ, ಗೀಸರ್ ಬರಲಿ, ಮೊದಲು ದೇವರ ಮುಂದೆ ಕೂತು ಬೊಟ್ಟು ಇಡಿಸಿಕೊಳ್ಳಬೇಕು. ಚಕ್ಕೂ ಕೂತಿತು. ಮಾರನೆಯ ಬೆಳಿಗ್ಗೆ ಅದನ್ನು ಲೇತಿಗೆ ಕೂರಿಸಲು ಹೊರಟೆ.

ಆಗ ಕರೆಂಟ್ ಹೋಗಿತ್ತು, ಶೆಡ್ಡು ಕತ್ತಲೆಯಾಗಿತ್ತು ಎಂದು ಇಲ್ಲಿ ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಬಿಸಿಲಿತ್ತು. ಕತ್ತಲೆ ನನ್ನ ಅನುಕೂಲಕ್ಕೆ ನೆನಪು ತಂದುಕೊಟ್ಟದ್ದು.

ಎಣ್ಣೆ ಬಟ್ಟೆಯಿಂದ ಚಕ್ಕಿನ ಬೆನ್ನು ಒರೆಸಿದೆ. ಹೆಬ್ಬೆರಳು ಆಡಿಸಿದೆ. ನುಣುಪು. ಲೇತಿನ ಮುಖಕ್ಕೆ ಒತ್ತಿ ಬೋಲ್ಟ್ ಬಿಗಿದೆ. ಸರಳನ್ನು ಅಪ್ಪಿಹಿಡಿಯುವ ಸೀಳುಬಳೆ ಕಾಲೆಟ್ಟನ್ನು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ನೆಟ್ಟಗಿನ ಸರಳೊಂದನ್ನು ಹಿಡಿಸಿ, ಓರೆ ಅಳೆಯುವ ಡಯಲ್ ತಾಗಿಸಿ ಕೈಯಲ್ಲೇ ತಿರುಗಿಸಿದೆ. ಮುಳ್ಳು ಅತ್ತಿಂದಿತ್ತ ಹೊಯ್ದಾಡಿತು, ಚಕ್ ನೆಟ್ಟಗೆ ಕೂತಿರಲಿಲ್ಲ. ಬಿಚ್ಚಿದೆ, ಒರೆಸಿದೆ, ಬೆರಳಾಡಿಸಿದೆ, ಮತ್ತೆ ಬಿಗಿದೆ. ಪ್ರತಿ ಸಲವೂ ಅದೇ. ಅಂಗಡಿಯವನನ್ನು ಬೈದೆ.

"ಬೆಳಬೆಳಗ್ಗೆ ಯಾರಿಗ್ರೀ ಮಂತ್ರಾಕ್ಷತೆ?" ಹೆಂಡತಿ ಕಾಫಿ ಹಿಡಿದು ಬಂದಿದ್ದಳು. ಬಿಚ್ಚಿಟ್ಟಿದ್ದ ಚಕ್ಕನ್ನು ಮುಟ್ಟಿದವಳು ಬೆರಳು ನಿಲ್ಲಿಸಿದಳು. "ರೀ, ಇಲ್ಲಿ ಗಂಧ ಹಂಗೇ ಇದೆ."

"ಬೆನ್ನಿಗ್ಯಾಕೆ ಇಟ್ಟೆ?"

"ಮುಂದೆ ಇಟ್ರೆ ಒರೆಸಿಬಿಡ್ತೀರಲ್ಲ, ಅದಕ್ಕೆ."

ಕುಂಕುಮ ನನ್ನ ಬಟ್ಟೆಗೆ ಹೋಗಿತ್ತು. ಒಣಗಿದ ಗಂಧದ ಹಕ್ಕಳೆ ಎಣ್ಣೆ ಕುಡಿದು ಲೋಹದ ಬಣ್ಣಕ್ಕೆ ತಿರುಗಿ ಉಳಿದಿತ್ತು. ಅವಳು ಉಗುರಿನಿಂದ ಕೆರೆದಳು. ಬಿಗಿದು ನೋಡಿದರೆ ಮುಳ್ಳು ಹೆಚ್ಚುಕಡಿಮೆ ನಿಂತೇಬಿಟ್ಟಿತು. ಆ ಮುಳ್ಳು ಅಲುಗಿದ್ದರೇ ಚೆನ್ನಾಗಿತ್ತು ಅನಿಸಿತು.

"ಅಡುಗೆಮನೆ ಕಿಟಕಿಯಿಂದ ನೋಡ್ತಾನೇ ಇದ್ದೆ. ಅಷ್ಟು ಸಲ ಕೈಯಾಡಿಸಿದ್ರಿ. ಗೊತ್ತಾಗ್ಲಿಲ್ವಾ?"

"ಆತುರದಲ್ಲಿದ್ದೆ."

"ರಿಟೈರ್ ಆದೋರಿಗೆ ಎಂಥ ಆತುರ?" ನಕ್ಕಳು. ಆಮೇಲೆ ನಗಲಿಲ್ಲ. "ಕಣ್ಣು ಮುಚ್ಚಿ. ಕೈ ಕೊಡಿ."

ಕೊಟ್ಟೆ.

"ಯಾವ ಬೆರಳು ಮುಟ್ಟಿದ್ದೀನಿ, ಹೇಳಿ."

ಕಾದೆ. ಆಟವಾಡಿಸುತ್ತಿದ್ದಾಳೆ ಎಂದುಕೊಂಡೆ. "ಮೊದಲು ಮುಟ್ಟು," ಎಂದೆ.

ಕಣ್ಣು ಬಿಟ್ಟೆ. ನನ್ನ ತೋರುಬೆರಳ ತುದಿಯನ್ನು ಅವಳು ಒತ್ತಿ ಹಿಡಿದಿದ್ದಳು, ತನ್ನ ಉಗುರು ಬಿಳಿಚಿಕೊಳ್ಳುವಷ್ಟು.

"ಲೇತಿನ ಪ್ಲಗ್ ತೆಗೀರಿ," ಎಂದಳು. ಜೋರಾಗಿ ಹೇಳಿದಳೋ ಮೆಲ್ಲಗೋ, ಈ ವಿಷಯದಲ್ಲಿ ನನ್ನನ್ನು ನಾನು ನಂಬಲಾರೆ. ತೆಗೆದವನು ನಾನೇ.