ಪ್ರಾರ್ಥನೆಯ ವಿಷಯ

ಪೀಣ್ಯದಲ್ಲಿ ನಮ್ಮ ಸಭೆ ಕೂಡುವುದು ಲೇತ್ ವರ್ಕ್‌ಶಾಪೊಂದರ ಮಹಡಿಯ ಮೇಲೆ. ಭಾನುವಾರ ಯಂತ್ರಗಳಿಗೆ ರಜೆ, ಎಣ್ಣೆಯ ವಾಸನೆಗೆ ಮಾತ್ರ ರಜೆಯಿಲ್ಲ. ಅದೂ ಮೆಟ್ಟಿಲು ಹತ್ತಿ ಆರಾಧನೆಗೆ ಬಂದು ಕೂರುತ್ತದೆ. ಬೈಬಲ್ ಪ್ರಸಂಗ ಮುಗಿದ ಮೇಲೆ ಪಾಸ್ಟರ್, "ಪ್ರಾರ್ಥನೆಗೆ ಯಾರದಾದ್ರೂ ವಿಷಯ ಇದೆಯಾ?" ಎಂದು ಕೇಳುತ್ತಾರೆ. ಒಬ್ಬೊಬ್ಬರೇ ಎದ್ದು ಮಂಡಿನೋವು, ಮಗಳ ಪರೀಕ್ಷೆ ಎಂದು ಹೇಳಿಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಹಾಗೆ ಎದ್ದವಳು ನನ್ನ ಗೆಳತಿ. ಇಬ್ಬರೂ ಬೀದರ್ ಕಡೆಯವರು, ಒಂದೇ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ, ಒಂದೇ ರೂಮು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

"ಅಕ್ಕನ ಗಂಡ ಇನ್ನೊಬ್ಬಾಕಿನ್ನ ಮಾಡ್ಕೊಂಡಾನ. ಅಕ್ಕನ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದಳು.

ಗಂಡ ದುಬೈನಲ್ಲಿದ್ದಾನೆ ಎಂದು ಎಲ್ಲರನ್ನೂ ನಂಬಿಸಿದ್ದ ನಾನು ಎರಡನೇ ಸಾಲಿನಲ್ಲೇ ಕೂತಿದ್ದೆ. ಸಭೆಯೆಲ್ಲ ಕಣ್ಣು ಮುಚ್ಚಿ ನನಗಾಗಿ ಅತ್ತಿತು. ನನಗೋ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ಆದರೆ ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. ಮಧ್ಯಾಹ್ನವೇ ಅವಳ ಬಟ್ಟೆಚೀಲವನ್ನು ಬಾಗಿಲ ಹೊರಗಿಟ್ಟೆ, ಫೋನಿನಿಂದ ನಂಬರನ್ನೂ ಅಳಿಸಿದೆ. ಅವಳು ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಹಿಡಿದಳಂತೆ. ಆಮೇಲೆ ರೂಮು ಬೇಡವೆನ್ನುವಷ್ಟು ದೊಡ್ಡದಾಯಿತು. ಶನಿವಾರ ಸಂಜೆ ಫ್ಯಾಕ್ಟರಿ ಬಿಟ್ಟರೆ ಭಾನುವಾರ ಬೆಳಿಗ್ಗೆ ಪಾಸ್ಟರಿಗೆ "ಸ್ತೋತ್ರ" ಎಂದು ವಂದಿಸುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ.

ಈಚೆಗೆ ಒಂದು ಭಾನುವಾರ ಅವಳು ಬಸ್ಸು ಬದಲಿಸಿಕೊಂಡು ಸಭೆಗೆ ಬಂದಳು. ಎಲ್ಲರ ಮುಂದೆ ಎದ್ದು, ಅಳುತ್ತಾ, ನನ್ನ ಕ್ಷಮೆ ಕೇಳಿದಳು. ಎಲ್ಲರ ಕಣ್ಣೂ ನನ್ನ ಮೇಲೆ. "ಕ್ಷಮಿಸಿದ್ದೀನಿ" ಎಂದೆ. ಜನ ಒಟ್ಟಾಗಿ "ಸ್ತೋತ್ರ" ಎಂದರು.

ಕೆಳಗೆ ಚಪ್ಪಲಿ ಹಾಕಿಕೊಳ್ಳುವಾಗ ಅವಳು ಮೆಲ್ಲಗೆ ಕೇಳಿದಳು, "ಅಕ್ಕಾ, ಇವತ್ತ ಖೋಲಿಗಿ ಬರ್ಲಾ?"

"ಇನ್ನೊಮ್ಮೆ ನೋಡೂಣು" ಎಂದು ಹೊರಟುಬಿಟ್ಟೆ. ಆ ಮಧ್ಯಾಹ್ನ ಉಪ್ಪಿಟ್ಟು ಮಾಡಿಕೊಂಡು ಗೋಡೆ ನೋಡುತ್ತಾ ತಿಂದೆ.

ಮರುವಾರ ಪಾಸ್ಟರ್ ಪ್ರಸಂಗದಲ್ಲಿ, ಪಶ್ಚಾತ್ತಾಪಪಟ್ಟವರನ್ನು ಕ್ಷಮಿಸಿದರಷ್ಟೇ ಸಾಲದು, ದುಃಖ ಅವರನ್ನು ನುಂಗದ ಹಾಗೆ ಸಂತೈಸಿ ಹತ್ತಿರ ಸೇರಿಸಿಕೊಳ್ಳಬೇಕು ಎಂದರು. ನಾಚಿಕೆಯಿಂದ ನನ್ನ ತಲೆ ತಗ್ಗಿತು. ವಿಷಯ ಕೇಳಿದಾಗ ಎದ್ದೆ.

"ಒಬ್ರನ್ನ ಮನೆಗೆ ಕರೀಬೇಕು, ಪಾಸ್ಟರ್. ಬಾಯಿ ಬರ್ತಿಲ್ಲ."

ಪಾಸ್ಟರ್ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಅವಳ ದನಿ ಬಂತು. "ತಂದೀ, ಅವ್ರಿಗಿ ಅವಸರ ಮಾಡಬ್ಯಾಡ. ಕಾಯೋರಿಗಿ ಕಾಯೋ ಶಕ್ತಿ ಕೊಡು."

ಹೆಸರು ಹೇಳಲಿಲ್ಲ. ಈ ಸಲ ನನ್ನ ಗುಟ್ಟನ್ನು ಅವಳೇ ಕಾಪಾಡಿದಳು. ನನಗೆ ತಡೆಯಲಾರದಷ್ಟು ಅಳು ಬಂತು. ಮುಖ ಒರೆಸಿಕೊಂಡು ಕೆಳಗಿಳಿಯುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು.

ಮುಂದಿನ ಭಾನುವಾರ ಇಬ್ಬರಿಗಾಗುವಷ್ಟು ಅಡುಗೆ ಮಾಡಿಟ್ಟು ಹೋದೆ. ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಪಾಸ್ಟರ್ ಎಂದಿನಂತೆ ಕೇಳಿದಾಗ ಎದ್ದು ನಿಂತೆ.

"ಪ್ರಾರ್ಥನೆ ವಿಷಯ ಅಲ್ಲ. ಅವಳ ನಂಬರ್ ಯಾರ ಹತ್ರ ಇದೆ?"

ಅಂದು ಸ್ತೋತ್ರ ಎಂದಿದ್ದವರೆಲ್ಲ ಫೋನ್ ತೆಗೆದು ಹುಡುಕಿದರು. ಒಬ್ಬರ ಹತ್ತಿರ ಹಳೆಯ ನಂಬರಿತ್ತು, ಅದು ಚಾಲ್ತಿಯಲ್ಲಿರಲಿಲ್ಲ. ಹೊಸದನ್ನು ನಮ್ಮಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.