ಒಂಬತ್ತು ಎಂದರೆ ಒಂಬತ್ತೇ

ಶಸ್ತ್ರಚಿಕಿತ್ಸೆಯಾದ ಮೇಲೆ ನೋವು ಇದ್ದದ್ದೇ, ಸಹಿಸಿಕೊಳ್ಳಬೇಕು ಎಂಬ ಮಾತು ವಾರ್ಡಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕಾಲದಲ್ಲಿ, ನೋವನ್ನೂ ಜ್ವರದಂತೆ, ನಾಡಿಯಂತೆ ಹೊತ್ತುಹೊತ್ತಿಗೆ ಕೇಳಿ ಬರೆದಿಡಬೇಕೆಂದು ಹಟ ಹಿಡಿದವರು ನಮ್ಮ ಮಾನ್ಯ ಮುಖ್ಯ ಶುಶ್ರೂಷಕಿಯವರು. ರೋಗಿಗಳ ಬಾಯಲ್ಲಿ ಅವರು ಸಿಸ್ಟರಮ್ಮ. ಮೂವತ್ತಾರು ವರ್ಷಗಳ ಸೇವೆ ಮುಗಿಸುತ್ತಿರುವ ಅವರ ಬಗ್ಗೆ ಬರೆಯಲು ನನಗಿರುವ ಅರ್ಹತೆಯೆಂದರೆ, ಅವರಿಂದ ನನ್ನಷ್ಟು ಬೈಸಿಕೊಂಡವರು ಬೇರೆ ಯಾರೂ ಇಲ್ಲ.

ನಾನು ನರ್ಸಾಗಿ ಕೆಲಸಕ್ಕೆ ಸೇರಿದ ವರ್ಷ, ಮೊಣಕಾಲ ಕೆಳಗಿನ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ದರ್ಜಿಯೊಬ್ಬರು ನನ್ನ ಪಾಲಿಗೆ ಬಂದರು. ದಿಂಬು ಗಟ್ಟಿ, ಫ್ಯಾನು ಸದ್ದು, ಪಕ್ಕದವರ ಗೊರಕೆ ಎಂದು ಗೊಣಗಿ ಗೊಣಗಿ ಮೊದಲ ದಿನವೇ ನನ್ನ ತಲೆ ತಿಂದಿದ್ದರು. ಮರುದಿನ ಬೆಳಿಗ್ಗೆ, ಚುಚ್ಚುಮದ್ದು ಕೊಟ್ಟು ಅರ್ಧ ಗಂಟೆಯಾದ ಮೇಲೆ, ಹತ್ತಕ್ಕೆ ಎಷ್ಟು ನೋವಿದೆ ಎಂದು ಕೇಳಿದೆ. ಒಂಬತ್ತು ಎಂದರು. ಇವರದ್ದು ಇದ್ದದ್ದೇ ಎಂದುಕೊಂಡು ಐದು ಎಂದು ಬರೆದೆ.

ಸಿಸ್ಟರಮ್ಮ ಆ ಹಾಳೆ ನೋಡಿದವರೇ ಮಂಚದ ಬಳಿ ಹೋಗಿ ದರ್ಜಿಯನ್ನೇ ಕೇಳಿದರು.

"ಒಂಬತ್ತು ಅಂತ ಆಗ್ಲೇ ಹೇಳಿದ್ನಲ್ಲಮ್ಮ."

ಅವರ ಕಾಲ್ಬೆರಳನ್ನು ಸಿಸ್ಟರಮ್ಮ ಮೆಲ್ಲಗೆ ಮೇಲಕ್ಕೆತ್ತಿದ್ದೇ ತಡ, ಆತ ಮಂಚದ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡರು.

"ಇವತ್ತು ದಿಂಬಿನ ಸುದ್ದಿ ಎತ್ತಿದ್ರಾ?" ಎಂದು ಸಿಸ್ಟರಮ್ಮ ನನ್ನನ್ನು ಕೇಳಿದರು.

"ಇಲ್ಲ ಸಿಸ್ಟರ್."

"ಮತ್ತೆ? ಗೊಣಗೋದನ್ನೂ ಮರೆತಿದ್ದಾರೆ ಅಂದ್ರೆ ನೋವು ಅಷ್ಟಿದೆ. ಓಡು, ಡಾಕ್ಟರನ್ನ ಕರಿ. ಒಳಗೆ ಕಾಲು ಬಾತಿದೆ, ಪ್ಲಾಸ್ಟರ್ ಬಿಚ್ಚಬೇಕು."

ಡಾಕ್ಟರು ಬಂದು ಪ್ಲಾಸ್ಟರ್ ಸೀಳಿದರು. ಹೊಲಿಗೆ ಯಂತ್ರ ತುಳಿದು ಸಂಸಾರ ಸಾಕಿದ ಕಾಲು ಅದು. ಇನ್ನೆರಡು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸಂಜೆಗೆ ಬೆರಳುಗಳು ಬೆಚ್ಚಗಾಗಿ, ದರ್ಜಿ "ಮೂರು" ಎಂದಾಗ ನನಗೆ ಹೋದ ಜೀವ ಬಂದಂತಾಗಿ, ಬಟ್ಟೆಯ ಕೋಣೆಗೆ ಹೋಗಿ ಅತ್ತುಬಿಟ್ಟೆ. ಸಿಸ್ಟರಮ್ಮ ಹಿಂದೆಯೇ ಬಂದರು.

"ಅತ್ತಾಯ್ತಾ? ಬಾ. ಆ ಐದಕ್ಕೆ ಗೆರೆ ಎಳೆದು, ಅವರು ಹೇಳಿದ್ದನ್ನ ಬರಿ. ಸಹಿ ಹಾಕು."

ಅಂದಿನಿಂದ ನಾನು ರೋಗಿ ಹೇಳಿದ ಅಂಕಿಯನ್ನು ತಿದ್ದಿಲ್ಲ. ಹೀಗೆ ಊರಿನವರ ನೋವನ್ನೆಲ್ಲ ಬಾಯಿ ಬಿಡಿಸಿ ಕೇಳಿದ ಸಿಸ್ಟರಮ್ಮ ತಮ್ಮ ಮಂಡಿನೋವನ್ನು ನಾಲ್ಕು ವರ್ಷ ನಮ್ಮಿಂದ ಮುಚ್ಚಿಟ್ಟಿದ್ದರೆಂಬುದು ಕಳೆದ ತಿಂಗಳಷ್ಟೇ ಬಯಲಾಯಿತು. ನಿವೃತ್ತಿಯ ಮರುವಾರವೇ ಅವರಿಗೆ ನಮ್ಮ ವಾರ್ಡಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ. ಅವರು ಬೇಗ ಎದ್ದು ನಡೆಯಲಿ, ನೂರ್ಕಾಲ ಬಾಳಲಿ, ಹೊಸಬರನ್ನು ಬೈಯಲು ಆಗಾಗ ಬರುತ್ತಿರಲಿ. ಸಿಸ್ಟರಮ್ಮ, ನೀವು ಹೇಳುವ ಅಂಕಿಯನ್ನು ಹೇಳಿದಂತೆಯೇ ಬರೆಯುತ್ತೇನೆ. ಸೊನ್ನೆ ಎಂದರೆ ಮಾತ್ರ, ಕಾಲು ಮಡಚಿ ತೋರಿಸಿ ಎನ್ನುತ್ತೇನೆ.